ಕುರ್ಚಿಯ ಮೇಲೆ ಕುಳಿತಾಗಲೇ ತಪ್ಪಿದ ಕೀಲು: ಸೊಂಟದ ಕೀಲಿನ ಮರುಶಸ್ತ್ರಚಿಕಿತ್ಸೆಯ ನಂತರದ ಒಂದು ಪ್ರಕರಣ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹಳ್ಳಿಯೊಂದರ, ಅರವತ್ತು ದಾಟಿದ ರೈತ ಮಹಿಳೆಯೊಬ್ಬರ ಪ್ರಕರಣವಿದು. ಅವರ ಮತ್ತು ಅವರ ಮಗನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಮನೆಯ ಕೆಲವು ವಿವರಗಳನ್ನೂ ಕಾಲದ ಲೆಕ್ಕವನ್ನೂ ತುಸು ಬದಲಿಸಿದ್ದೇನೆ. ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನಾನು ಈ ಪ್ರಕರಣದೊಳಕ್ಕೆ ಬಂದದ್ದು ಅವರ ಕೀಲು ಎರಡನೇ ಸಲ ತಪ್ಪಿದ ಮೇಲೆ. ಅದಕ್ಕೆ ಹಿಂದಿನದೆಲ್ಲ ಡಿಸ್ಚಾರ್ಜ್ ಕಾಗದಗಳಿಂದ, ಎಕ್ಸ್‌ರೇಗಳಿಂದ ಮತ್ತು ಮನೆಯವರ ಬಾಯಿಂದ ತಿಳಿದದ್ದು.

ಹಿನ್ನೆಲೆ

ಹನ್ನೊಂದು ವರ್ಷಗಳ ಹಿಂದೆ ಬಿದ್ದು ಬಲತೊಡೆಯ ಮೂಳೆಯ ಕುತ್ತಿಗೆ ಮುರಿದಿತ್ತು. ಸ್ಕ್ರೂ ಹಾಕಿದರೂ ಅದು ಕೂಡಿಕೊಳ್ಳಲಿಲ್ಲವಾದ್ದರಿಂದ ಆಗ ಪೂರ್ತಿ ಕೀಲನ್ನೇ ಬದಲಿಸಲಾಗಿತ್ತು. ಇಂಥ ಕೃತಕ ಕೀಲಿನಲ್ಲಿ ಶ್ರೋಣಿಯ (ಪೆಲ್ವಿಸ್) ಮೂಳೆಯೊಳಗೆ ಕೂರುವ ಬಟ್ಟಲು, ಅದರೊಳಗೆ ತಿರುಗುವ ಗುಂಡು, ಗುಂಡನ್ನು ಹೊತ್ತು ತೊಡೆಮೂಳೆಯೊಳಗೆ ಇಳಿಯುವ ಸ್ಟೆಮ್ ಇರುತ್ತವೆ. ಗುಂಡು ಬಟ್ಟಲಿನಿಂದ ಹೊರಬೀಳುವುದೇ ಕೀಲು ತಪ್ಪುವುದು. ಎಂಟೊಂಬತ್ತು ವರ್ಷ ಆ ಕೀಲಿನ ಮೇಲೆಯೇ ಅವರು ಹೊಲ, ಮನೆ, ಎಮ್ಮೆ ಎಲ್ಲವನ್ನೂ ನೋಡಿಕೊಂಡರು. ನಂತರ ತೊಡೆಸಂದಿಯಲ್ಲಿ ನೋವು ಶುರುವಾಯಿತು. ಬಟ್ಟಲಿನೊಳಗಿನ ಪಾಲಿಥಿಲೀನ್ ಪದರ (ಲೈನರ್) ಸವೆದು, ಅದರ ಸೂಕ್ಷ್ಮ ಕಣಗಳಿಂದ ಸುತ್ತಲಿನ ಮೂಳೆ ಕರಗಿ, ಬಟ್ಟಲು ಸಡಿಲಗೊಂಡಿದೆ ಎಂದು ಎಕ್ಸ್‌ರೇ ತೋರಿಸಿತು. ಹೀಗಾಗಿ ಎರಡನೇ ಶಸ್ತ್ರಚಿಕಿತ್ಸೆ ನಡೆಯಿತು. ಸಡಿಲವಾಗಿದ್ದ ಬಟ್ಟಲನ್ನು ತೆಗೆದು, ಕರಗಿಹೋದ ಮೂಳೆಯ ಜಾಗ ತುಂಬುವಷ್ಟು ದೊಡ್ಡ ಲೋಹದ ಬಟ್ಟಲನ್ನು ಕೂರಿಸಿದರು. ತೊಡೆಮೂಳೆಯೊಳಗಿನ ಸ್ಟೆಮ್ ಗಟ್ಟಿಯಾಗಿಯೇ ಇದ್ದುದರಿಂದ ಅದನ್ನು ಮುಟ್ಟಲಿಲ್ಲ. ಗುಂಡಿನ ಅಳತೆಯೂ ಮೊದಲಿನಂತೆ 28 ಮಿಲಿಮೀಟರ್ ಆಗಿಯೇ ಉಳಿಯಿತು.

ಮೊದಲ ಬಾರಿ ಸೊಂಟದ ಕೀಲು ಬದಲಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 1ರಿಂದ 3 ಮಂದಿಗೆ ಕೀಲು ತಪ್ಪುತ್ತದೆ. ಮರುಶಸ್ತ್ರಚಿಕಿತ್ಸೆಯಾದವರಲ್ಲಿ ಇದು ಹಲವು ಪಟ್ಟು ಹೆಚ್ಚು. ನೂರಕ್ಕೆ 5ರಿಂದ 10 ಎನ್ನುವ ವರದಿಗಳು ಸಾಮಾನ್ಯ, ಅದಕ್ಕಿಂತ ಹೆಚ್ಚೆನ್ನುವವೂ ಇವೆ. ಕಾರಣ ಊಹಿಸುವುದು ಕಷ್ಟವಲ್ಲ. ಕೀಲನ್ನು ಸುತ್ತುವರಿದ ಕೋಶ ಒಮ್ಮೆ ಕತ್ತರಿಸಿಕೊಂಡದ್ದು ಮತ್ತೊಮ್ಮೆ ಕತ್ತರಿಸಿಕೊಳ್ಳುತ್ತದೆ, ಪೃಷ್ಠದ ಸ್ನಾಯುಗಳು ಸೊರಗಿರುತ್ತವೆ, ಮೂಳೆಯೂ ಮೊದಲಿನಷ್ಟು ಇರುವುದಿಲ್ಲ. ಇಷ್ಟರ ಮೇಲೆ ಗುಂಡು ಚಿಕ್ಕದಾಗಿದ್ದರೆ, ಬಟ್ಟಲಿನ ಅಂಚನ್ನು ದಾಟಿ ಹೊರಬೀಳಲು ಅದು ಸರಿಯಬೇಕಾದ ದೂರವೂ ಕಡಿಮೆಯಾಗುತ್ತದೆ.

ಸಮಸ್ಯೆ

ಎರಡನೇ ಶಸ್ತ್ರಚಿಕಿತ್ಸೆಯಾದ ಐದನೇ ವಾರದಲ್ಲಿ ಕೀಲು ಮೊದಲ ಸಲ ತಪ್ಪಿತು. ಆಗ ಅವರು ಹೊರಸಿನ ಮೇಲಿಂದ ಏಳುತ್ತಿದ್ದರು. ಹಗ್ಗದ ಹೊರಸು ನಡುವೆ ಜೋಲು ಬಿದ್ದಿರುತ್ತದೆ. ಕೂತವರ ಸೊಂಟ ಮೊಣಕಾಲಿಗಿಂತ ಕೆಳಗಿಳಿಯುತ್ತದೆ, ಏಳಬೇಕೆಂದರೆ ಎದೆಯನ್ನು ಮೊಣಕಾಲಿನ ಮೇಲೆ ತಂದು ಮುಂದಕ್ಕೆ ಜೀಕಬೇಕು. ಹಾಗೆ ಜೀಕಿದಾಗ ಒಳಗೆ ಏನೋ ಟಕ್ಕೆಂದಿತು. ಕಾಲು ಗಿಡ್ಡವಾಗಿ, ಪಾದ ಒಳಮುಖವಾಗಿ ತಿರುಗಿ, ಅಲುಗಾಡಿಸಲಾರದಂಥ ನೋವು ಬಂತು. ಮಗ ಆಂಬುಲೆನ್ಸ್‌ನಲ್ಲಿ ಹುಬ್ಬಳ್ಳಿಗೆ ಕರೆತಂದ. ಅರಿವಳಿಕೆ ಕೊಟ್ಟು, ಕೊಯ್ಯದೆಯೇ ಎಳೆದು ಕೀಲನ್ನು ಸ್ವಸ್ಥಾನಕ್ಕೆ ತಂದರು. ಪಾದವನ್ನು ಮೇಲೆತ್ತುವ ಶಕ್ತಿ ಉಳಿದಿತ್ತು; ಅಂದರೆ ಕೀಲಿನ ಹಿಂದೆ ಹಾದುಹೋಗುವ ಸಯಾಟಿಕ್ ನರಕ್ಕೆ ಪೆಟ್ಟಾಗಿರಲಿಲ್ಲ.

ಮನೆಗೆ ಕಳಿಸುವಾಗ ಎಲ್ಲರಿಗೂ ಕೊಡುವ ಪಟ್ಟಿಯನ್ನೇ ಇವರಿಗೂ ಕೊಟ್ಟರು. ನೆಲದ ಮೇಲೆ ಕೂರಬಾರದು, ಕಾಲ ಮೇಲೆ ಕಾಲು ಹಾಕಬಾರದು, ಭಾರತೀಯ ಶೈಲಿಯ ಶೌಚಾಲಯ ಬಳಸಬಾರದು, ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು ಎಂದು ಅದರಲ್ಲಿತ್ತು. ಜೊತೆಗೆ ಸೊಂಟದಿಂದ ತೊಡೆಯವರೆಗೆ ಕಟ್ಟುವ ಬ್ರೇಸ್ ಕೊಟ್ಟರು. ರೋಣದ ಬೇಸಿಗೆಯಲ್ಲಿ ಸೀರೆಯೊಳಗೆ ಆ ಬ್ರೇಸ್ ಎಷ್ಟು ದಿನ ಉಳಿದೀತು ಎಂಬುದನ್ನು ಹೇಳಬೇಕಾಗಿಲ್ಲ. ಕೀಲು ಮತ್ತೆ ತಪ್ಪುವುದನ್ನು ಬ್ರೇಸ್ ತಡೆಯುತ್ತದೆ ಎನ್ನಲು ಬಲವಾದ ಆಧಾರವೂ ಇಲ್ಲ. ಅವರು ಅದನ್ನು ಬಿಚ್ಚಿಟ್ಟದ್ದನ್ನು ನಾನು ದೊಡ್ಡ ಅಪರಾಧವೆಂದು ಎಣಿಸಲಿಲ್ಲ.

ನಾಲ್ಕನೇ ತಿಂಗಳಿನಲ್ಲಿ ಕೀಲು ಮತ್ತೆ ತಪ್ಪಿತು. ದಾಖಲಾತಿಯ ಕಾಗದದಲ್ಲಿ ಯಾರೋ ‘ರೋಗಿ ಸೂಚನೆಗಳನ್ನು ಪಾಲಿಸಿಲ್ಲ’ ಎಂದು ಬರೆದಿದ್ದರು. ಈ ಒಂದು ಸಾಲು ಎಲ್ಲ ಪ್ರಶ್ನೆಗಳ ಬಾಯಿ ಮುಚ್ಚಿಸುವಂಥದ್ದು. ತಪ್ಪು ರೋಗಿಯದೇ ಎಂದಾದ ಮೇಲೆ ಬಟ್ಟಲಿನ ಕೋನವನ್ನಾಗಲಿ ಬೆನ್ನನ್ನಾಗಲಿ ಮನೆಯನ್ನಾಗಲಿ ನೋಡುವ ಅಗತ್ಯ ಯಾರಿಗೂ ತೋರುವುದಿಲ್ಲ.

ವಾರ್ಡಿನಲ್ಲಿ ಕೇಳಿದ ಪ್ರಶ್ನೆ

ಕೀಲನ್ನು ಎರಡನೇ ಸಲ ಕೂಡಿಸಿದ ಮರುದಿನ ನನ್ನನ್ನು ಕರೆದರು. ಏನು ಮಾಡಬಾರದೆಂದು ಹೇಳಿದ್ದರು ಎಂದು ಕೇಳುವ ಬದಲು, ಕೀಲು ತಪ್ಪಿದ ಗಳಿಗೆಯಲ್ಲಿ ಕೈಯಲ್ಲಿ ಯಾವ ಕೆಲಸವಿತ್ತು ಎಂದು ಕೇಳಿದೆ. ಅವರಿಗೆ ಸಿಟ್ಟು ಬಂದಿತ್ತು.

“ನೀವ್ ಹೇಳಿದ್ದೆಲ್ಲಾ ಮಾಡೀನ್ರೀ ಡಾಕ್ಟ್ರ. ನೆಲಕ್ಕ ಕುಂತಿಲ್ಲ, ಕಾಲ್ ಮ್ಯಾಲೆ ಕಾಲ್ ಹಾಕಿಲ್ಲ. ಖುರ್ಚಿ ಮ್ಯಾಲೆ ಕುಂತು ಜ್ವಾಳ ಹಸನ ಮಾಡಾಕತ್ತಿದ್ದೆ, ಅಷ್ಟ.”

ಅವರನ್ನೇ ಕೂರಿಸಿ ತೋರಿಸಿ ಎನ್ನುವಂತಿರಲಿಲ್ಲ. ಆದ್ದರಿಂದ ಅವರ ಸೊಸೆಯನ್ನು ವಾರ್ಡಿನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿ, ಅತ್ತೆ ಹೇಳಿದಂತೆ ಮಾಡಲು ತಿಳಿಸಿದೆ. ಮೊರದ ಬದಲು ಊಟದ ತಟ್ಟೆಯನ್ನು ನೆಲದ ಮೇಲಿಟ್ಟೆವು. ಸೊಸೆ ತುಸು ಬಗ್ಗಿದಳು. ಮಂಚದ ಮೇಲಿಂದ ಅತ್ತೆ, “ಹಂಗಲ್ಲಬೇ, ಇನ್ನೂ ಬಗ್ಗ. ಚೀಲ ಬಲಕ್ಕಿತ್ತಲ್ಲ, ಆ ಕಡೆ ಹೊಳ್ಳಿ ಬೊಗಸಿ ತುಂಬ್ಕೊ” ಎಂದರು. ಸೊಸೆ ಮೊಣಕಾಲುಗಳನ್ನು ಕೂಡಿಸಿ, ಬಲಪಾದವನ್ನು ಇದ್ದಲ್ಲಿಯೇ ಊರಿ, ಮುಂಡವನ್ನು ಬಲಕ್ಕೆ ಹೊರಳಿಸಿ ನೆಲದತ್ತ ಕೈ ಚಾಚಿದಳು. ಅವಳ ಎದೆ ತೊಡೆಗೆ ತಾಗಿತು, ಬಲ ಮೊಣಕಾಲು ಒಳಕ್ಕೆ ವಾಲಿತು.

ಸೊಂಟದ ಕೃತಕ ಕೀಲು ಹಿಮ್ಮುಖವಾಗಿ ತಪ್ಪಲು ಬೇಕಾದದ್ದೆಲ್ಲ ಆ ಒಂದು ಭಂಗಿಯಲ್ಲಿತ್ತು: ಪೂರ್ತಿ ಮಡಿಚಿದ ಸೊಂಟ, ಮಧ್ಯರೇಖೆಯತ್ತ ಸರಿದ ತೊಡೆ, ಒಳಮುಖ ತಿರುವು. ಪಾದ ಊರಿಕೊಂಡಿರುವಾಗ ಶಸ್ತ್ರಚಿಕಿತ್ಸೆಯಾದ ಕಾಲಿನ ಕಡೆಗೇ ಮುಂಡವನ್ನು ಹೊರಳಿಸಿದರೆ ತೊಡೆಮೂಳೆ ಕೀಲಿನೊಳಗೆ ಒಳಮುಖವಾಗಿ ತಿರುಗಿದಂತೆಯೇ ಆಗುತ್ತದೆ ಎಂಬುದು ಪಟ್ಟಿ ಓದಿದವರಿಗೆ ಹೊಳೆಯುವುದಿಲ್ಲ. 90 ಡಿಗ್ರಿಯ ಮಾತೊಂದನ್ನು ಬಿಟ್ಟರೆ ಅವರು ಪಟ್ಟಿಯ ಪ್ರತಿ ಮಾತನ್ನೂ ಪಾಲಿಸಿದ್ದರು. ಕೂರುವ ಜಾಗ ಮೇಲಕ್ಕೆ ಬಂದಿತ್ತು, ಆದರೆ ಕೆಲಸ ನೆಲದ ಮೇಲೆಯೇ ಉಳಿದಿತ್ತು. ಹಾಗೆ ನೋಡಿದರೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಾಗ ತೊಡೆಗಳು ಅಗಲವಾಗಿ ಹೊರಕ್ಕೆ ತಿರುಗಿರುತ್ತವೆ. ಕುರ್ಚಿಯ ಮೇಲೆ ಮೊಣಕಾಲು ಕೂಡಿಸಿ ನೆಲಕ್ಕೆ ಬಾಗುವುದು ಹಿಮ್ಮುಖವಾಗಿ ತಪ್ಪುವ ಕೀಲಿಗೆ ಅದಕ್ಕಿಂತ ಅಪಾಯಕರ. ಚಕ್ಕಳಮಕ್ಕಳ ಕೂರಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ನೆಲದಿಂದ ಏಳುವುದೇ ಅಲ್ಲಿಯ ದೊಡ್ಡ ಗಂಡಾಂತರ.

ಇನ್ನೊಂದನ್ನು ಅಂದೇ ಗಮನಿಸಿದೆ. ಸೊಸೆ ಬಗ್ಗಿದಾಗ ಅವಳ ಟೊಂಕ (ಕೆಳಬೆನ್ನು) ಬಿಲ್ಲಿನಂತೆ ಬಾಗಿತ್ತು. ಅತ್ತೆಯ ಬೆನ್ನು ಮಂಚದ ಮೇಲೆ ಎದ್ದು ಕೂತಾಗಲೂ ಹಲಗೆಯಷ್ಟೇ ನೇರವಾಗಿತ್ತು. ಇದನ್ನು ಶಸ್ತ್ರವೈದ್ಯರಿಗೆ ತಿಳಿಸಿದೆ.

ತಪಾಸಣೆ ಮತ್ತು ತೀರ್ಮಾನ

ಕೀಲು ಎರಡು ಸಲ ತಪ್ಪಿದ ಮೇಲೆ ಮೊದಲು ತಳ್ಳಿಹಾಕಬೇಕಾದದ್ದು ಸೋಂಕು. ಉರಿಯೂತವನ್ನು ತೋರಿಸುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗಳೂ ಕೀಲಿನಿಂದ ತೆಗೆದ ದ್ರವದ ಕಲ್ಚರ್ ಕೂಡ ಸೋಂಕಿನ ಸುಳಿವು ನೀಡಲಿಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಬಟ್ಟಲಿನ ಓರೆ (ಅದು ಪಕ್ಕಕ್ಕೆ ವಾಲಿರುವ ಕೋನ) 43 ಡಿಗ್ರಿ, ಮುಂಮುಖ ಕೋನ (ಅದರ ಬಾಯಿ ಮುಂದಕ್ಕೆ ತಿರುಗಿರುವ ಕೋನ) 8 ಡಿಗ್ರಿ ಎಂದು ಬಂತು. 1978ರಲ್ಲಿ ಲೆವಿನೆಕ್ ಮತ್ತು ಸಂಗಡಿಗರು ಹೇಳಿದ ‘ಸುರಕ್ಷಿತ ವಲಯ’ ಎಂದರೆ 40ಕ್ಕೆ ಹತ್ತು ಹೆಚ್ಚು-ಕಡಿಮೆ ಓರೆ, 15ಕ್ಕೆ ಹತ್ತು ಹೆಚ್ಚು-ಕಡಿಮೆ ಮುಂಮುಖ ಕೋನ. ಆ ಲೆಕ್ಕದಲ್ಲಿ ಈ ಬಟ್ಟಲು ಸರಿಯಾಗಿಯೇ ಇತ್ತು. ಇಲ್ಲಿಗೆ ನಿಲ್ಲಿಸಿದ್ದರೆ ‘ಬಟ್ಟಲು ಸರಿಯಿದೆ, ರೋಗಿಯೇ ಮಾತು ಕೇಳಿಲ್ಲ’ ಎಂಬ ಮಾತು ಇನ್ನಷ್ಟು ಗಟ್ಟಿಯಾಗುತ್ತಿತ್ತು. ಆದರೆ ಕೀಲು ತಪ್ಪಿದವರಲ್ಲಿ ಅನೇಕರ ಬಟ್ಟಲು ಈ ವಲಯದೊಳಗೇ ಇರುತ್ತದೆ ಎಂಬುದು ಈಗ ಚೆನ್ನಾಗಿ ತಿಳಿದಿರುವ ಸಂಗತಿ.

ಶಸ್ತ್ರವೈದ್ಯರು ನಿಂತಾಗ ಒಂದು ಮತ್ತು ಕೂತಾಗ ಒಂದು, ಬೆನ್ನು-ಶ್ರೋಣಿಯ ಪಕ್ಕದ ಎಕ್ಸ್‌ರೇ ತೆಗೆಸಿದರು. ಆರೋಗ್ಯವಂತರಲ್ಲಿ ನಿಂತವರು ಕೂತಾಗ ಶ್ರೋಣಿ ಸುಮಾರು 20 ಡಿಗ್ರಿಯಷ್ಟು ಹಿಂದಕ್ಕೆ ವಾಲುತ್ತದೆ. ಅದರೊಂದಿಗೆ ಬಟ್ಟಲಿನ ಬಾಯಿಯೂ ಮುಂದಕ್ಕೆ ತೆರೆದುಕೊಂಡು, ಮಡಿಚುತ್ತಿರುವ ತೊಡೆಗೆ ಜಾಗ ಮಾಡಿಕೊಡುತ್ತದೆ. ಈ ಬದಲಾವಣೆ 10 ಡಿಗ್ರಿಗಿಂತ ಕಡಿಮೆಯಿದ್ದರೆ ಬೆನ್ನು-ಶ್ರೋಣಿ ಬಿಗಿದಿದೆ ಎಂದರ್ಥ. ಇವರಲ್ಲಿ ಅದು ಐದಾರು ಡಿಗ್ರಿಯಷ್ಟೇ ಇತ್ತು. ವರ್ಷಗಟ್ಟಲೆ ಸವೆದ ಟೊಂಕದ ಕೀಲುಗಳು ಬಿಗಿದುಹೋಗಿದ್ದವು. ಬೆನ್ನು ಬಾಗದಿದ್ದಾಗ ಬಾಗುವ ಕೆಲಸವೆಲ್ಲ ಸೊಂಟದ ಕೀಲಿನ ಪಾಲಿಗೆ ಬೀಳುತ್ತದೆ. ಸ್ಟೆಮ್‌ನ ಕುತ್ತಿಗೆ ಬಟ್ಟಲಿನ ಮುಂದಿನ ಅಂಚಿಗೆ ತಾಗುತ್ತದೆ, ಅದನ್ನೇ ಆನಿಕೆಯಾಗಿಸಿಕೊಂಡು ಗುಂಡು ಹಿಂದಿನಿಂದ ಹೊರಕ್ಕೆ ಮೀಟಿಕೊಳ್ಳುತ್ತದೆ. ಬೇರೆಯವರಿಗೆ ಸಾಕಾಗಬಹುದಾಗಿದ್ದ 8 ಡಿಗ್ರಿ ಇವರಿಗೆ ಸಾಕಾಗಿರಲಿಲ್ಲ.

ಮೂರನೇ ಶಸ್ತ್ರಚಿಕಿತ್ಸೆ ಬೇಕೆಂದು ಇದರಿಂದ ತೀರ್ಮಾನವಾಯಿತು. ಯಾವುದನ್ನು ಮಾಡಬೇಕೆಂಬ ಚರ್ಚೆಯನ್ನು ನಾನು ಪಕ್ಕದಲ್ಲಿ ನಿಂತು ಕೇಳಿದವನು, ಆದ್ದರಿಂದ ಅದರ ಸಾರವನ್ನಷ್ಟೇ ಹೇಳುತ್ತೇನೆ. 28ರ ಜಾಗದಲ್ಲಿ 36 ಮಿಲಿಮೀಟರ್ ಗುಂಡು ಹಾಕಿದರೆ ಹೊರಬೀಳಲು ಅದು ಸರಿಯಬೇಕಾದ ದೂರ ಹೆಚ್ಚುತ್ತದೆ, ಆದರೆ ಬಟ್ಟಲಿನ ಕೋನ ಇದ್ದಂತೆಯೇ ಇರುತ್ತದೆ. ಗುಂಡನ್ನು ಬಟ್ಟಲಿನೊಳಗೇ ಬಂಧಿಸಿಡುವ ಕನ್‌ಸ್ಟ್ರೇನ್ಡ್ ಲೈನರ್ ಇನ್ನೊಂದು ದಾರಿ. ಅದರಲ್ಲಿ ಚಲನೆ ಕಡಿಮೆ. ಕೀಲನ್ನು ತಪ್ಪಿಸಲು ಹೊರಟ ಬಲವೆಲ್ಲ ಬಟ್ಟಲು-ಮೂಳೆಯ ಬೆಸುಗೆಯ ಮೇಲೆ ಬೀಳುತ್ತದೆ. ಪೃಷ್ಠದ ಸ್ನಾಯುಗಳು ಪೂರ್ತಿ ಕಳೆದುಹೋದವರಿಗೆ ಅದು ಅನಿವಾರ್ಯವಾಗಬಹುದು. ಇವರ ಸ್ನಾಯುಗಳು ಸೊರಗಿದ್ದವು, ಆದರೆ ಮೂಳೆಗೆ ಅಂಟಿಕೊಂಡೇ ಇದ್ದವು.

ಉಳಿದದ್ದು ಡ್ಯುಯಲ್ ಮೊಬಿಲಿಟಿ. 1970ರ ದಶಕದಲ್ಲಿ ಫ್ರಾನ್ಸಿನ ಸೇಂಟ್ ಎಟಿಯೆನ್‌ನಲ್ಲಿ ಜಿಲ್ ಬೂಸ್ಕೆ ರೂಪಿಸಿದ ಈ ವಿನ್ಯಾಸದಲ್ಲಿ ಚಿಕ್ಕ ಲೋಹದ ಗುಂಡು ದೊಡ್ಡ ಪಾಲಿಥಿಲೀನ್ ಗುಂಡಿನೊಳಗೆ ಸಿಕ್ಕಿಕೊಂಡು ತಿರುಗುತ್ತದೆ, ಆ ದೊಡ್ಡ ಗುಂಡು ನಯವಾದ ಬಟ್ಟಲಿನೊಳಗೆ ತಿರುಗುತ್ತದೆ. ಹೀಗೆ ಸವೆತದ ಮಟ್ಟಿಗೆ ಚಿಕ್ಕ ಗುಂಡಿನ ಅನುಕೂಲವೂ ಸ್ಥಿರತೆಯ ಮಟ್ಟಿಗೆ ದೊಡ್ಡ ಗುಂಡಿನ ಅನುಕೂಲವೂ ಸಿಗುತ್ತವೆ. ಹಳೆಯ ಸ್ಟೆಮ್‌ಗೆ ಒಪ್ಪುವ 28ರ ಗುಂಡನ್ನೇ ಇದರಲ್ಲಿ ಬಳಸಬಹುದಾಗಿತ್ತು. ನಾಲ್ಕು ತಿಂಗಳಲ್ಲಿ ಮೂಳೆಗೆ ಹತ್ತಿಕೊಂಡಿದ್ದ ಬಟ್ಟಲನ್ನು ಕಿತ್ತರೆ ಮೊದಲೇ ಕಡಿಮೆಯಿದ್ದ ಮೂಳೆ ಇನ್ನಷ್ಟು ಹೋಗುತ್ತಿತ್ತು. ಆ ಬಟ್ಟಲು ಸಾಕಷ್ಟು ದೊಡ್ಡದಿದ್ದುದರಿಂದ, ಲೈನರ್ ತೆಗೆದು, ಅದರೊಳಗೆ ಡ್ಯುಯಲ್ ಮೊಬಿಲಿಟಿ ಬಟ್ಟಲನ್ನು ತುಸು ಹೆಚ್ಚು ಮುಂಮುಖವಾಗಿ ಸಿಮೆಂಟಿನಿಂದ ಕೂರಿಸಿದರು. ಹಿಂಭಾಗದ ಕೋಶದಲ್ಲಿ ಉಳಿದಿದ್ದನ್ನು ಎಳೆದು ಮೂಳೆಗೆ ಹೊಲಿದರು. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿಯೇ ಸೊಂಟ ಮಡಿಚಿ, ಒಳಕ್ಕೆ ತಿರುಗಿಸಿ, ಗುಂಡು ನಿಲ್ಲುತ್ತದೆಂದು ಖಚಿತಪಡಿಸಿಕೊಂಡ ನಂತರವೇ ಗಾಯ ಮುಚ್ಚಿದರು.

ಮನೆಯನ್ನು ಎತ್ತರಿಸಿದ್ದು

ಡ್ಯುಯಲ್ ಮೊಬಿಲಿಟಿ ಹಾಕಿದ ಮೇಲೂ ಹಳೆಯ ನಿರ್ಬಂಧಗಳೆಲ್ಲ ಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಮೊದಲ ಶಸ್ತ್ರಚಿಕಿತ್ಸೆಯಾದವರಿಗೆ ಇಂಥ ಕಟ್ಟುನಿಟ್ಟುಗಳಿಂದ ಹೆಚ್ಚೇನೂ ಲಾಭವಿಲ್ಲವೆಂದು ಈಗೀಗ ಅನೇಕರು ಅವನ್ನು ಸಡಿಲಿಸುತ್ತಿದ್ದಾರೆ. ಆದರೆ ಒಂದೇ ಕೀಲನ್ನು ಮೂರು ಸಲ ತೆರೆದಿರುವಾಗ, ಬೆನ್ನು ಬಿಗಿದಿರುವಾಗ, ಹೊಲಿದ ಕೋಶ ಗಟ್ಟಿಯಾಗುವವರೆಗೆ ಮೂರು ತಿಂಗಳು ಜಾಗ್ರತೆ ವಹಿಸುವುದೇ ಸರಿ ಎಂದು ನಾನೂ ಶಸ್ತ್ರವೈದ್ಯರೂ ಒಪ್ಪಿಕೊಂಡೆವು. ಬ್ರೇಸ್ ಕೊಡಲಿಲ್ಲ.

ಮೊದಲ ಆರು ವಾರ ಅವರು ಧಾರವಾಡದಲ್ಲಿರುವ ಮಗಳ ಮನೆಯಲ್ಲಿದ್ದರು. ತೋರಿಸಲು ಹುಬ್ಬಳ್ಳಿಗೆ ಬರುವಾಗ ಆಟೊಗಿಂತ ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸೇ ವಾಸಿಯಾಯಿತು. ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ವಾಕರ್ ಹಿಡಿದೇ ಒಳಗೆ ಹೋಗಬಹುದು. ಆಟೊದ ತಗ್ಗು ಸೀಟಿನಿಂದ ಏಳುವುದಕ್ಕೂ ಹೊರಸಿನಿಂದ ಏಳುವುದಕ್ಕೂ ಕೀಲಿನ ಮಟ್ಟಿಗೆ ಹೆಚ್ಚು ವ್ಯತ್ಯಾಸವಿಲ್ಲ.

ಆ ಅವಧಿಯಲ್ಲಿ ಮೊಮ್ಮಗ ಹಳ್ಳಿಯ ಮನೆಯನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಕಳಿಸಿದ. ಅವರು ಬೆಳಗಿನಿಂದ ಮಲಗುವವರೆಗೆ ಮಾಡುವ ಕೆಲಸಗಳನ್ನು ಒಂದೊಂದಾಗಿ ಕೇಳುತ್ತ, ಆ ಕೆಲಸದ ವಸ್ತು ಎಷ್ಟು ಎತ್ತರದಲ್ಲಿದೆ ಎಂದು ಸೊಸೆಯ ಜೊತೆ ಕೂತು ಬರೆದುಕೊಂಡೆವು. ನೀರಿನ ಕೊಡ, ಹಿಟ್ಟಿನ ಡಬ್ಬಿ, ಒಲೆ, ರೊಟ್ಟಿ ಬಡಿಯುವ ಕೊಮಣಿಗೆ, ಎಮ್ಮೆಯ ಬಾನಿ, ಕಾಲು ತೊಳೆಯುವ ಕಲ್ಲು, ದೇವರ ಜಗಲಿ ಎಲ್ಲವೂ ಮೊಣಕಾಲಿಗಿಂತ ಕೆಳಗಿದ್ದವು. ಮಗ ಅಡುಗೆಮನೆಯಲ್ಲಿ ಸೊಂಟದೆತ್ತರದ ಕಟ್ಟೆ ಕಟ್ಟಿಸಿ ಗ್ಯಾಸ್ ಒಲೆಯನ್ನು ಅದರ ಮೇಲಿಟ್ಟ. ರೊಟ್ಟಿ ಬಡಿಯುವುದು ನಿಂತುಕೊಂಡೇ ಎಂದಾಯಿತು. ನಿಂತು ಬಡಿದ ರೊಟ್ಟಿ ಸರಿಯಾಗಿ ಅಗಲವಾಗುವುದಿಲ್ಲ ಎಂಬ ಅವರ ದೂರು ಇಂದಿಗೂ ಇದೆ. ಜೋಳ ಹಸನು ಮಾಡಲು ಹಳೆಯ ಮೇಜೊಂದನ್ನು ಪಡಸಾಲೆಗೆ ತಂದು, ಮೊರ ಮೇಜಿನ ಮೇಲೆ, ಚೀಲ ಎದುರಿನ ಸ್ಟೂಲಿನ ಮೇಲೆ ಎಂದು ಗೊತ್ತುಮಾಡಿದೆವು. ಚೀಲ ಪಕ್ಕದಲ್ಲಿರಬಾರದು ಎಂಬುದನ್ನು ಬೇಕೆಂದೇ ಒತ್ತಿ ಹೇಳಿದೆ.

ಹೊರಸು ಅಂಗಳಕ್ಕೆ ಹೋಯಿತು, ಅದರ ಜಾಗಕ್ಕೆ ಹಲಗೆಯ ಮಂಚ ಬಂತು. ಅದರ ಎತ್ತರ ಅವರ ಮೊಣಕಾಲಿಗಿಂತ ಎರಡು-ಮೂರು ಇಂಚು ಮೇಲಿರುವಂತೆ ಕಾಲುಗಳ ಕೆಳಗೆ ಕಟ್ಟಿಗೆಯ ತುಂಡು ಕೊಟ್ಟರು. ಶೌಚಾಲಯದಲ್ಲಿ ಕಮೋಡ್ ಕುರ್ಚಿ, ಪಕ್ಕದ ಗೋಡೆಗೆ ಹಿಡಿಕೆ. ಮಲಗಿದಾಗ ತೊಡೆಗಳ ನಡುವೆ ದಿಂಬು.

ತೊಡಕಾದದ್ದು ಹರಕೆ. ಕಾಲು ಗುಣವಾದರೆ ಊರದೇವರಿಗೆ ದೀಡ ನಮಸ್ಕಾರ (ಉದ್ದಕ್ಕೆ ಅಡ್ಡಬಿದ್ದು ಏಳುತ್ತ ಗುಡಿಯವರೆಗೆ ಸಾಗುವ ಸೇವೆ) ಹಾಕುತ್ತೇನೆಂದು ಅವರು ಬೇಡಿಕೊಂಡಿದ್ದರು. ಬೇಡವೆಂದರೆ ಒಪ್ಪುವವರಲ್ಲ, ಕದ್ದು ಹೋಗಿ ಹಾಕುವವರು. ಕೊನೆಗೆ ಊರಿನ ಅಯ್ಯನವರೇ ಮಗನು ಹಾಕಿದರೂ ಹರಕೆ ಸಲ್ಲುತ್ತದೆ ಎಂದು ಹೇಳಿ ಬಗೆಹರಿಸಿದರು. ಯಾರ ಮಾತು ಎಲ್ಲಿ ನಡೆಯುತ್ತದೆಂದು ತಿಳಿದಿರುವುದೂ ಈ ಕೆಲಸದ ಭಾಗ.

ವ್ಯಾಯಾಮದ ಬಗ್ಗೆ ಹೇಳುವುದು ಕಡಿಮೆ. ಪೃಷ್ಠದ ಸ್ನಾಯುಗಳನ್ನು ಮೊದಲು ಮಲಗಿದಲ್ಲಿಯೇ ಬಿಗಿಹಿಡಿಸಿ, ನಂತರ ಕಟ್ಟೆ ಹಿಡಿದು ನಿಂತು ಕಾಲನ್ನು ಪಕ್ಕಕ್ಕೆ ಎತ್ತಿಸಿ, ಮೂರನೇ ತಿಂಗಳಿನಲ್ಲಿ ಎಡಮಗ್ಗುಲಾಗಿ ಮಲಗಿ ಎತ್ತಿಸಿ ಬಲಪಡಿಸುತ್ತ ಹೋದೆವು. ಬೂಟು ಹಾಕಿಕೊಳ್ಳುವ ಪ್ರಶ್ನೆಯೇ ಇಲ್ಲದ ಕಡೆ ಉದ್ದನೆಯ ಶೂಹಾರ್ನ್ ಬಗ್ಗೆ ಪಾಠ ಹೇಳುವುದು ವ್ಯರ್ಥ. ಅದರ ಬದಲು ಹೊರಗಿನಿಂದ ಬಂದಾಗ ನಿಂತೇ ಕಾಲಿಗೆ ನೀರು ಹಾಕಿಕೊಳ್ಳಲು ಉದ್ದ ಹಿಡಿಯ ಮಗ್ಗು ಕೊಡಿಸಿದೆವು.

ಆದದ್ದೇನು

ಎರಡು ವರ್ಷ ದಾಟಿದೆ, ಕೀಲು ತಪ್ಪಿಲ್ಲ. ಅವರು ಕುಂಟುತ್ತಾರೆ, ಬಲಗಾಲಿನ ಮೇಲೆ ನಿಂತರೆ ಎಡಸೊಂಟ ಈಗಲೂ ತುಸು ಕುಸಿಯುತ್ತದೆ, ಎಡಗೈಯಲ್ಲಿ ಕೋಲು ಬೇಕು. ಹೊಲದ ಕೆಲಸ ನಿಂತಿದೆ, ಅದರ ಬೇಸರವಿದೆ. ಎಂಟನೇ ತಿಂಗಳಿನಲ್ಲೊಮ್ಮೆ ಮದುವೆಮನೆಯಲ್ಲಿ ಪಂಕ್ತಿಗೆ ನೆಲದ ಮೇಲೆ ಕೂತು ಎದ್ದಾಗ ತೊಡೆಸಂದಿಯಲ್ಲಿ ನೋವು ಬಂದು ಓಡಿಬಂದಿದ್ದರು. ಎಕ್ಸ್‌ರೇಯಲ್ಲಿ ಗುಂಡು ತನ್ನ ಜಾಗದಲ್ಲೇ ಇತ್ತು. ಹಳೆಯ ಕೀಲಾಗಿದ್ದರೆ ಅದೂ ಒಂದು ಆಂಬುಲೆನ್ಸ್ ಪ್ರಯಾಣವಾಗುತ್ತಿತ್ತೇನೋ. ಶಸ್ತ್ರಚಿಕಿತ್ಸೆ ಎಷ್ಟು ಕಾಪಾಡಿತು, ಮೇಜು-ಕಟ್ಟೆಗಳು ಎಷ್ಟು ಕಾಪಾಡಿದವು ಎಂದು ಒಂದೇ ಪ್ರಕರಣದಿಂದ ಬೇರ್ಪಡಿಸಿ ಹೇಳಲಾಗದು. ಹೆಚ್ಚಿನ ಪಾಲು ಶಸ್ತ್ರಚಿಕಿತ್ಸೆಯದೇ ಎಂಬುದು ನನ್ನ ಅಂದಾಜು. ಆದರೆ ಆ ಶಸ್ತ್ರಚಿಕಿತ್ಸೆಯ ಸ್ವರೂಪ ಗೊತ್ತಾದದ್ದು, ‘ಪಾಲಿಸಿಲ್ಲ’ ಎಂಬ ಸಾಲನ್ನು ಬದಿಗಿಟ್ಟು ಜೋಳದ ಚೀಲ ಯಾವ ಮಗ್ಗುಲಿಗಿತ್ತೆಂದು ಕೇಳಿದ ಮೇಲೆ.

ಬೇರೆಯವರಿಗೆ ಇದನ್ನು ಅನ್ವಯಿಸುವಾಗ ಎರಡು ಸಂಗತಿಗಳನ್ನು ನೋಡಬೇಕು. ಡ್ಯುಯಲ್ ಮೊಬಿಲಿಟಿ ಕೀಲಿಗೆ ಅದರದೇ ಆದ ಒಂದು ತೊಂದರೆಯಿದೆ: ಚಿಕ್ಕ ಗುಂಡು ದೊಡ್ಡ ಗುಂಡಿನಿಂದ ಕಳಚಿಕೊಳ್ಳಬಹುದು, ತಪ್ಪಿದ ಕೀಲನ್ನು ಜೋರಾಗಿ ಎಳೆದು ಕೂಡಿಸಲು ಹೋದಾಗಲೂ ಹೀಗಾಗಬಹುದು. ಆದ್ದರಿಂದ ಇವರ ಬಳಿ ಕೀಲಿನ ಬಗೆಯನ್ನು ಕನ್ನಡದಲ್ಲಿ ಬರೆದ ಚೀಟಿಯಿದೆ. ಕಾಲು ಗಿಡ್ಡವಾದರೆ ಎಣ್ಣೆ ತಿಕ್ಕಿಸಬಾರದು, ಎಲುಬು ಕೂಡಿಸುವವರ ಕೈಗೆ ಕಾಲು ಕೊಡಬಾರದು, ಎಕ್ಸ್‌ರೇ ಇಲ್ಲದೆ ಯಾವ ದವಾಖಾನೆಯಲ್ಲೂ ಎಳೆಸಿಕೊಳ್ಳಬಾರದು ಎಂದು ಅದರಲ್ಲಿದೆ. ಎರಡನೆಯದು, ಇಲ್ಲಿ ಹೇಳಿದ ಜಾಗ್ರತೆಗಳೆಲ್ಲ ಹಿಮ್ಮುಖವಾಗಿ ತಪ್ಪುವ ಕೀಲಿಗೆ ಸಂಬಂಧಿಸಿದವು. ಕೀಲು ಮುಮ್ಮುಖವಾಗಿ ತಪ್ಪಿದವರಿಗೆ ಅಪಾಯವಿರುವುದು ಕಾಲನ್ನು ಹಿಂದಕ್ಕೆ ಚಾಚಿ ಪಾದವನ್ನು ಹೊರಕ್ಕೆ ತಿರುಗಿಸಿದಾಗ, ಉದಾಹರಣೆಗೆ ನಿಂತಲ್ಲೇ ಹಿಂದಕ್ಕೆ ಹೊರಳಿ ಮೇಲಿನ ಮಾಡದಿಂದ ಏನನ್ನಾದರೂ ತೆಗೆಯುವಾಗ. ಅಂಥವರಿಗೆ ಕೆಲಸವನ್ನು ಎತ್ತರಿಸಿದ ಇದೇ ಮನೆ ಹೆಚ್ಚೇನೂ ಉಪಯೋಗಕ್ಕೆ ಬಾರದು. ಕೀಲು ಯಾವ ದಿಕ್ಕಿಗೆ ತಪ್ಪಿತ್ತೆಂದು ಎಕ್ಸ್‌ರೇಯಲ್ಲಿ ನೋಡಿದ ನಂತರವೇ ಅವರ ಮನೆಯ ವಸ್ತುಗಳ ಎತ್ತರವನ್ನು ಬರೆದುಕೊಳ್ಳಲು ಕೂರಬೇಕು.